ಡಬಲ್ ಕ್ಯಾಬ್ ಪಿಕಪ್ಪಿನ ಹಿಂದೆ ಕ್ಯಾರವಾನ್

ಪಿಕಪ್ಪಿಗೆ ಕ್ಯಾರವಾನನ್ನು, ಅಂದರೆ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆಯನ್ನು, ಎಳೆಯುವ ತಾಕತ್ತು ಇದೆಯೇ ಎಂದು ಕೇಳುವವರು ಬಹಳ. ಆ ಪ್ರಶ್ನೆಗೆ ಉತ್ತರ ಸುಲಭ: ಇದೆ. ಟೊಯೋಟಾ ಹೈಲಕ್ಸ್, ಫೋರ್ಡ್ ರೇಂಜರ್, ಇಸುಜು ಡಿ-ಮ್ಯಾಕ್ಸ್ ಇವುಗಳ ಈಗಿನ ನಾಲ್ಕು ಚಕ್ರ ಚಾಲನೆಯ ಡೀಸೆಲ್, ಎರಡು ಸಾಲು ಸೀಟಿನ ಡಬಲ್ ಕ್ಯಾಬ್‌ಗಳಲ್ಲಿ ಹೆಚ್ಚಿನವು ಸ್ವಂತ ಬ್ರೇಕ್ ಇರುವ ಟ್ರೇಲರ್ ಆದರೆ 3,500 ಕೆ.ಜಿ. ತನಕ ಎಳೆಯಬಲ್ಲವು. ನಮ್ಮ ಕ್ಯಾರವಾನ್ ಎಲ್ಲ ಸಾಮಾನು ತುಂಬಿದ ಮೇಲೂ ಅದರ ಅರ್ಧದಷ್ಟು ಭಾರ ಇಲ್ಲ. ಎಂಜಿನ್ನಿಗೆ ಅದು ಲೆಕ್ಕಕ್ಕೇ ಇಲ್ಲ ಅನ್ನಬಹುದು.

ಆದರೆ ಎಳೆಯುವುದು ಈ ಕೆಲಸದ ಅತಿ ಸುಲಭದ ಭಾಗ. ನಿಲ್ಲಿಸುವುದು, ನೇರಕ್ಕೆ ಇಟ್ಟುಕೊಳ್ಳುವುದು, ಇಳಿಜಾರಿನಲ್ಲಿ ಹಿಡಿದುಕೊಳ್ಳುವುದು, ಒದ್ದೆ ಹುಲ್ಲಿನಿಂದ ಹೊರಗೆ ತರುವುದು, ಇವಕ್ಕೆಲ್ಲ ಬೇರೆ ತಯಾರಿ ಬೇಕು. ಪಿಕಪ್ ಎನ್ನುವುದು ಬೆನ್ನ ಮೇಲೆ ಭಾರ ಹೊರಲು ಹುಟ್ಟಿದ ಗಾಡಿ. ಅದರ ಹಿಂದಿನ ಲೀಫ್ ಸ್ಪ್ರಿಂಗು, ಅದರ ಉದ್ದ, ಹಿಂದಿನ ಚಕ್ರದಾಚೆಗೆ ಚಾಚಿಕೊಂಡಿರುವ, ಸಾಮಾನು ಹೇರುವ ತೊಟ್ಟಿ ಎಲ್ಲವೂ ಆ ಕೆಲಸಕ್ಕೆ ತಕ್ಕಂತೆ ಇವೆ. ಕ್ಯಾರವಾನ್ ಕಟ್ಟುವಾಗ ಈ ಗುಣಗಳು ಕೆಲವು ಕಡೆ ನೆರವಿಗೆ ಬರುತ್ತವೆ, ಕೆಲವು ಕಡೆ ಎದುರು ನಿಲ್ಲುತ್ತವೆ. ಯಾವುದು ಎಲ್ಲಿ ಎಂದು ನಾನು ತಿಳಿದುಕೊಂಡದ್ದು ಅದನ್ನು ಓಡಿಸುತ್ತಾ ಓಡಿಸುತ್ತಾ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಪಿಕಪ್ ಮೊದಲೇ ಇತ್ತು, ಕೆಲಸದ ಸಾಮಾನು ಸಾಗಿಸಲು. ಕ್ಯಾರವಾನ್ ಆಮೇಲೆ ಬಂತು, ಕೈ ಬದಲಾದದ್ದು, ಒಂದೇ ಆಕ್ಸಲಿನದು, ಅಂದರೆ ಒಂದೇ ಜೋಡಿ ಚಕ್ರದ್ದು. ಅದನ್ನು ನೋಡಲು ಹೋಗುವ ಮುಂಚೆ ನಾನೂ ತಮ್ಮನೂ ಕೂತು ಮಾಡಿದ ಮೊದಲ ಕೆಲಸ ಪಿಕಪ್ಪಿನ ಬಾಗಿಲ ಚೌಕಟ್ಟಿಗೆ ತಯಾರಕರು ಹಚ್ಚಿದ ತೂಕದ ಪಟ್ಟಿಯನ್ನು ಓದಿದ್ದು. ಜಾಹೀರಾತಿನಲ್ಲಿ ಕಾಣುವುದು ಒಂದೇ ಅಂಕಿ, 3,500. ಪಟ್ಟಿಯಲ್ಲಿ ನಾಲ್ಕಿರುತ್ತವೆ: ತುಂಬಿದ ಗಾಡಿಯ ಗರಿಷ್ಠ ತೂಕ, ಗಾಡಿ ಮತ್ತು ಟ್ರೇಲರ್ ಎರಡೂ ಸೇರಿ ಗರಿಷ್ಠ ತೂಕ, ಮುಂದಿನ ಆಕ್ಸಲ್ ಹೊರಬಹುದಾದದ್ದು, ಹಿಂದಿನ ಆಕ್ಸಲ್ ಹೊರಬಹುದಾದದ್ದು. ಈ ಎರಡನೆಯ ಅಂಕಿಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಖಾಲಿ ಪಿಕಪ್ 2,100 ಕೆ.ಜಿ. ಇದೆ, ಅದು 3,200ರ ತನಕ ತುಂಬಿಕೊಳ್ಳಬಹುದು, ಜೋಡಿಯ ಮಿತಿ 6,000 ಎಂದಿಟ್ಟುಕೊಳ್ಳಿ. ಹಿಂದೆ ಪೂರಾ 3,500 ಕೆ.ಜಿ.ಯ ಟ್ರೇಲರ್ ಕಟ್ಟಿದರೆ ಪಿಕಪ್ಪಿಗೆ ಉಳಿಯುವುದು 2,500. ಅಂದರೆ ಜನ, ಇಂಧನ, ತೊಟ್ಟಿಯ ಸಾಮಾನು ಎಲ್ಲ ಸೇರಿ 400 ಕೆ.ಜಿ. ನಾಲ್ಕು ಜನ ದೊಡ್ಡವರು ಹತ್ತಿ ಕೂತರೆ ಅದರಲ್ಲಿ 300 ಹೋಯಿತು. ಕಾಗದದ ಮೇಲೆ ಇದ್ದ 1,100 ಕೆ.ಜಿ. ಹೊರುವ ಶಕ್ತಿ, ಎಳೆಯುವ ಶಕ್ತಿಯನ್ನು ಪೂರ್ತಿ ಬಳಸಿದ ಕ್ಷಣ ಮಾಯವಾಗುತ್ತದೆ. ಎರಡೂ ಒಟ್ಟಿಗೆ ಸಿಗುವ ಪಿಕಪ್ಪುಗಳು ಇವೆ, ಆದರೆ ಎಲ್ಲವೂ ಹಾಗಲ್ಲ. ಕ್ಯಾರವಾನ್ ಕೊಳ್ಳುವ ಮುಂಚೆ ಈ ಕಳೆಯುವ ಲೆಕ್ಕವನ್ನು ನಿಮ್ಮ ಗಾಡಿಯ ಅಂಕಿಗಳಿಂದಲೇ ಮಾಡಬೇಕು.

ಲೈಸೆನ್ಸಿನ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಯುರೋಪಿನ ಒಕ್ಕೂಟದಲ್ಲಿ ಸಾಮಾನ್ಯ ಕಾರಿನ ಬಿ ಲೈಸೆನ್ಸಿಗೆ ಟ್ರೇಲರಿಗೆಂದು ಕೊಡುವ ಬಿ96 ಎಂಬ ಹೆಚ್ಚುವರಿ ಅನುಮತಿ ಸೇರಿಸಿದರೂ ಜೋಡಿಯ ತೂಕ 4,250 ಕೆ.ಜಿ. ದಾಟುವಂತಿಲ್ಲ. ಅಲ್ಲಿ ಲೆಕ್ಕಕ್ಕೆ ಹಿಡಿಯುವುದು ಪಟ್ಟಿಯಲ್ಲಿರುವ ಗರಿಷ್ಠ ತೂಕವನ್ನು, ಆ ದಿನದ ತೂಕವನ್ನಲ್ಲ. ಹಾಗಾಗಿ 3,200ರ ಡಬಲ್ ಕ್ಯಾಬಿಗೆ ಸಾಧಾರಣ ಕ್ಯಾರವಾನ್ ಕಟ್ಟಿದರೂ ಆ ಗೆರೆ ದಾಟಿ, ಭಾರದ ಟ್ರೇಲರಿನ ಬಿಇ ಲೈಸೆನ್ಸ್ ಬೇಕಾಗುತ್ತದೆ. ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಬಿ ಲೈಸೆನ್ಸಿನಲ್ಲೇ 3,500 ಕೆ.ಜಿ. ತನಕದ ಟ್ರೇಲರ್ ಎಳೆಯಬಹುದು. ಓಡಿಸುವ ನೆಲದ ನಿಯಮ ನೋಡಿಕೊಂಡೇ ಹೊರಡಬೇಕು.

ಕ್ಯಾರವಾನ್ ಸಿಕ್ಕಿಸಲು ಗಾಡಿಯ ಹಿಂದೆ ಬೇಕಾಗುವ ಟೋ ಬಾರ್ ಹಾಕಿಸುವ ಕೆಲಸ ಅಂದುಕೊಂಡದ್ದಕ್ಕಿಂತ ಹೆಚ್ಚು ಯೋಚನೆ ಕೇಳಿತು. ಕಾರಿಗೆ ಹೋಲಿಸಿದರೆ ನಾಲ್ಕು ಚಕ್ರ ಚಾಲನೆಯ ಪಿಕಪ್ ನೆಲದಿಂದ ಎತ್ತರ. ಕ್ಯಾರವಾನಿನ ಮೂತಿ ಕೂರುವ ಉಕ್ಕಿನ ಗುಂಡು, ಟೋ ಬಾಲ್, ಕೂಡ ಅದರ ಜೊತೆ ಮೇಲೆ ಹೋಗುತ್ತದೆ. ಯುರೋಪಿನಲ್ಲಿ ಕಾರುಗಳಿಗೆ ಬಾಲಿನ ನಡುವಿನ ಎತ್ತರ, ಭಾರ ತುಂಬಿದಾಗ, ನೆಲದಿಂದ 350ರಿಂದ 420 ಮಿಲಿಮೀಟರ್ ಇರಬೇಕೆಂದು ಹೇಳುತ್ತಾರೆ. ಅಲ್ಲಿಯ ಕ್ಯಾರವಾನುಗಳ ಚಾಸಿಯನ್ನು ಮಾಡಿರುವುದೂ ಆ ಎತ್ತರಕ್ಕೇ. ಬಾಲ್ ಮೇಲಿದ್ದರೆ ಕ್ಯಾರವಾನ್ ಮೂತಿ ಎತ್ತಿಕೊಂಡು ಓಡುತ್ತದೆ. ಆಗ ಒಳಗಿನ ತೂಕ ಹಿಂದಕ್ಕೆ ಜರುಗಿದಂತಾಗಿ, ಬಾಲಿನ ಮೇಲೆ ಬೀಳಬೇಕಾದ ಭಾರ ಕಡಿಮೆಯಾಗುತ್ತದೆ. ಎರಡು ಆಕ್ಸಲಿನ ಕ್ಯಾರವಾನ್ ಆದರಂತೂ ಹಿಂದಿನ ಜೋಡಿ ಚಕ್ರದ ಮೇಲೇ ಭಾರವೆಲ್ಲ ಕೂರುತ್ತದೆ. ನಾವು ಸಮತಟ್ಟು ನೆಲದಲ್ಲಿ ಕ್ಯಾರವಾನನ್ನು ಮಟ್ಟಗೋಲು ಇಟ್ಟು ನಿಲ್ಲಿಸಿ, ಬಾಲನ್ನು ಕಚ್ಚಿಕೊಳ್ಳುವ ಅದರ ಹಿಡಿಯ ಎತ್ತರ ಅಳೆದು, ಪಿಕಪ್ಪಿಗೆ ಭಾರ ಹೇರಿ ಅದರ ಕಡೆಯದನ್ನೂ ಅಳೆದು, ಆ ವ್ಯತ್ಯಾಸಕ್ಕೆ ತಕ್ಕಂತೆ ಬಾಲನ್ನು ಕೆಳಗಿಳಿಸುವ ಡ್ರಾಪ್ ಪ್ಲೇಟ್ ಇರುವ ಟೋ ಬಾರ್ ಆರಿಸಿದೆವು. ಬಾಲಿನ ಗಾತ್ರವನ್ನೂ ನೋಡಬೇಕು. 50 ಮಿಲಿಮೀಟರಿನದು ಹೆಚ್ಚು ಬಳಕೆಯಲ್ಲಿದೆ, ಆದರೆ ಎಲ್ಲ ಕಡೆ ಅದೇ ಅಲ್ಲ. ಅಲುಗಾಟ ತಡೆಯುವ ಸ್ಟೆಬಿಲೈಸರ್ ಹಿಡಿ ಇರುವ ಕ್ಯಾರವಾನಿಗೆ ಕುತ್ತಿಗೆ ಉದ್ದ ಇರುವ ಬಾಲ್ ಬೇಕು, ಇಲ್ಲವಾದರೆ ತಿರುವಿನಲ್ಲಿ ಹಿಡಿ ಹೋಗಿ ಬಾರಿಗೆ ತಾಗುತ್ತದೆ. ಆ ಹಿಡಿಯೊಳಗಿನ ಪ್ಯಾಡುಗಳು ಬಾಲನ್ನು ಒತ್ತಿ ಹಿಡಿಯುವುದರಿಂದ ಬಾಲಿಗೆ ಗ್ರೀಸ್ ಹಚ್ಚಬಾರದು, ಹೊಸ ಬಾಲಿನ ಬಣ್ಣವನ್ನೂ ಉಜ್ಜಿ ತೆಗೆಯಬೇಕು.

ವಯರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 7 ಪಿನ್ನಿನ ಸಾಕೆಟ್ಟಿನಲ್ಲಿ ದೀಪಗಳು ಉರಿಯುತ್ತವೆ, ಅಷ್ಟೇ. 13 ಪಿನ್ನಿನದಾದರೆ ರಿವರ್ಸ್ ದೀಪ, ಫ್ರಿಜ್ಜಿಗೆ ಕರೆಂಟು, ಕ್ಯಾರವಾನಿನ ಬ್ಯಾಟರಿ ಚಾರ್ಜು ಎಲ್ಲಕ್ಕೂ ದಾರಿ ಇದೆ. ಹಾಕಿಸುವುದಾದರೆ ಅದನ್ನೇ ಹಾಕಿಸಿ. ನಿಮ್ಮ ಪಿಕಪ್ಪಿಗೆಂದೇ ಮಾಡಿದ ವಯರಿಂಗ್ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಹಿಂದೆ ಟ್ರೇಲರ್ ಇದೆ ಎಂದು ಗಾಡಿಗೆ ಗೊತ್ತಾದರೆ, ಟ್ರೇಲರಿನ ಅಲುಗಾಟವನ್ನು ಹತೋಟಿಗೆ ತರುವ ವ್ಯವಸ್ಥೆ ಎಷ್ಟೋ ಪಿಕಪ್ಪುಗಳಲ್ಲಿ ತಾನೇ ಜಾಗೃತವಾಗುತ್ತದೆ.

ಇನ್ನು ನನಗೆ ಅತಿ ಮುಖ್ಯ ಅನ್ನಿಸಿದ ಕೆಲಸ, ವೇಬ್ರಿಡ್ಜಿಗೆ ಹೋದದ್ದು. ಲಾರಿಗಳ ಸಾಲಿನಲ್ಲಿ ನಿಂತು, ಮೊದಲು ಪಿಕಪ್ ಒಂದನ್ನೇ ತೂಗಿಸಿದೆವು. ನಾವೆಲ್ಲ ಒಳಗೆ ಕೂತಿದ್ದೆವು, ಟ್ಯಾಂಕ್ ತುಂಬ ಡೀಸೆಲ್ ಇತ್ತು. ಮುಂದಿನ ಚಕ್ರ ಮಾತ್ರ ತೂಕದ ಮೇಲೆ, ಆಮೇಲೆ ಹಿಂದಿನದು ಮಾತ್ರ. ಬಳಿಕ ಕ್ಯಾರವಾನ್ ಕಟ್ಟಿಕೊಂಡು ಮತ್ತೆ ಅದೇ ಕ್ರಮ. ಕ್ಯಾರವಾನಿನ ಮೂತಿ ಟೋ ಬಾಲಿನ ಮೇಲೆ ಒತ್ತುತ್ತಿದ್ದದ್ದು 100 ಕೆ.ಜಿ. ಪಿಕಪ್ಪಿನ ಹಿಂದಿನ ಆಕ್ಸಲಿನ ತೂಕ ಏರಿದ್ದು ಮಾತ್ರ 140 ಕೆ.ಜಿ.ಯಷ್ಟು. ಮುಂದಿನ ಆಕ್ಸಲ್ 40 ಕೆ.ಜಿ.ಯಷ್ಟು ಹಗುರಾಗಿತ್ತು.

“ಅಕ್ಕಾ, ತೂಕದವರು ತಪ್ಪು ಬರೆದ್ರಾ?” ಎಂದು ತಮ್ಮ ಚೀಟಿ ತಿರುಗಿಸಿ ನೋಡಿದ.

ತಪ್ಪೇನೂ ಇರಲಿಲ್ಲ. ಬಾಲ್ ಇರುವುದು ಹಿಂದಿನ ಆಕ್ಸಲಿಗಿಂತ ಸುಮಾರು 1.2 ಮೀಟರ್ ಹಿಂದೆ. ಮುಂದಿನ ಆಕ್ಸಲಿನಿಂದ ಹಿಂದಿನ ಆಕ್ಸಲಿಗೆ 3.1 ಮೀಟರ್. ಬಾಲಿನ ಮೇಲೆ 100 ಕೆ.ಜಿ. ಒತ್ತಿದಾಗ ಹಿಂದಿನ ಆಕ್ಸಲ್ ಮೀಟುಗೋಲಿನ ಆನಿಕೆಯಾಗಿ, ಗಾಡಿಯ ಮೂತಿ ಅಷ್ಟು ಮೇಲೇಳುತ್ತದೆ. 100ನ್ನು 4.3ರಿಂದ ಗುಣಿಸಿ 3.1ರಿಂದ ಭಾಗಿಸಿದರೆ 139 ಬರುತ್ತದೆ. ಮೇಲಿನ 39 ಮುಂದಿನ ಚಕ್ರಗಳಿಂದ ಬಂದದ್ದು. ಸ್ಟಿಯರಿಂಗ್ ತಿರುಗಿಸುವ, ಹೆಚ್ಚು ಬ್ರೇಕ್ ಹಿಡಿಯುವ ಚಕ್ರಗಳೇ ಅವು. ತೊಟ್ಟಿಯ ಉದ್ದ ಹೆಚ್ಚಾದಷ್ಟೂ ಬಾಲ್ ಆಕ್ಸಲಿನಿಂದ ದೂರ ಹೋಗುವುದರಿಂದ ಪಿಕಪ್ಪಿನಲ್ಲಿ ಈ ಮೀಟುಗೋಲು ಸಾಧಾರಣ ಕಾರಿಗಿಂತ ಉದ್ದ. ಎಷ್ಟೇ ಗಟ್ಟಿ ಸ್ಪ್ರಿಂಗ್ ಇದ್ದರೂ ಈ ಲೆಕ್ಕ ತಪ್ಪುವುದಿಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಭಾರದ ಒಂದಷ್ಟನ್ನು ಮುಂದಿನ ಆಕ್ಸಲಿಗೆ ಮರಳಿಸುವ ಸ್ಪ್ರಿಂಗ್ ಬಾರುಗಳ ಹಿಚ್ ಎಂಬ ಜೋಡಣೆಯನ್ನು ಬಳಸುತ್ತಾರೆ. ನಮ್ಮ ಕ್ಯಾರವಾನಿನ ತೂಕಕ್ಕೆ ಅದು ಬೇಕಾಗಲಿಲ್ಲ.

ಮೂತಿಯ ಭಾರ ಹಾಗಾದರೆ ಕಡಿಮೆ ಇದ್ದರೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಇಲ್ಲ, ಅದು ಅಪಾಯ. ಮೂತಿ ಹಗುರಾದ ಕ್ಯಾರವಾನ್ ವೇಗದಲ್ಲಿ ಬಾಲ ಬೀಸಲು ತೊಡಗುತ್ತದೆ. ಯುರೋಪಿನ ಕ್ಯಾರವಾನುಗಳಿಗೆ ಒಟ್ಟು ತೂಕದ 5ರಿಂದ 7 ಶೇಕಡಾ ಮೂತಿಯ ಮೇಲಿರಲಿ ಎನ್ನುತ್ತಾರೆ. ಆಕ್ಸಲ್ ಹಿಂದಕ್ಕಿರುವ ಅಮೆರಿಕ, ಆಸ್ಟ್ರೇಲಿಯಾದ ಮಾದರಿಗಳಿಗೆ 10ರ ಆಸುಪಾಸು. ಟೋ ಬಾರಿಗೂ ಕ್ಯಾರವಾನಿನ ಹಿಡಿಗೂ ತಮ್ಮತಮ್ಮ ಮಿತಿ ಬೇರೆ ಇರುತ್ತವೆ, ಅವುಗಳಲ್ಲಿ ಕಡಿಮೆಯದೇ ಕೊನೆಯ ಮಾತು. ನಮ್ಮದು 1,620 ಕೆ.ಜಿ., ಹಾಗಾಗಿ 81ರಿಂದ 113ರ ನಡುವೆ ಇರಬೇಕು. ಪಿಕಪ್ ಬಳಸುವವರಿಗೆ ಇಲ್ಲೊಂದು ಅನುಕೂಲ ಇದೆ. ಎಷ್ಟೋ ಕಾರುಗಳ ಟೋ ಬಾರ್ 75 ಅಥವಾ 80 ಕೆ.ಜಿ.ಗೇ ಕೈಚೆಲ್ಲುತ್ತದೆ. ಡಬಲ್ ಕ್ಯಾಬ್ ಸಲೀಸಾಗಿ 100ನ್ನು ಹೊರುತ್ತದೆ. ಕ್ಯಾರವಾನಿಗೆ ಬೇಕಾದಷ್ಟು ಮೂತಿಭಾರ ಕೊಡಲು ಸಾಧ್ಯವಾಗುವುದು, ನನ್ನ ಮಟ್ಟಿಗೆ, ಪಿಕಪ್ಪಿನಿಂದ ಸಿಗುವ ದೊಡ್ಡ ಲಾಭ. ಎಂಜಿನ್ನಿನ ಬಲ ಅದಕ್ಕಿಂತ ಕೆಳಗೆ.

ಸಾಮಾನು ಜೋಡಿಸುವುದು ಇದರ ಮುಂದುವರಿಕೆಯೇ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು ಕ್ಯಾರವಾನುಗಳ ಸ್ಥಿರತೆಯ ಮೇಲೆ ಪ್ರಯೋಗ ಮಾಡಿದ್ದಾರೆ. ಭಾರ ಎಲ್ಲಿ ಹಂಚಿಕೊಂಡಿದೆ, ಮೂತಿಯ ಮೇಲೆ ಎಷ್ಟಿದೆ ಎಂಬುದು ವೇಗದಲ್ಲಿ ಕ್ಯಾರವಾನ್ ನಿಲ್ಲುವ ಬಗೆಯನ್ನು ತುಂಬ ಬದಲಿಸುತ್ತದೆ ಎಂದು ಅವರ ಕೆಲಸದಿಂದ ತಿಳಿಯುತ್ತದೆ. ನಡುವಿನಿಂದ ದೂರ ಹೋದಂತೆ ಭಾರದ ಪರಿಣಾಮ ದೂರದ ವರ್ಗದಷ್ಟು ಏರುತ್ತದೆ. ಆಕ್ಸಲಿನಿಂದ 1 ಮೀಟರಿನಲ್ಲಿಟ್ಟ ಚೀಲವನ್ನೇ 3 ಮೀಟರ್ ಆಚೆ, ಹಿಂದಿನ ಗೋಡೆಗೆ ಒತ್ತಿ ಇಟ್ಟರೆ, ಕ್ಯಾರವಾನ್ ತೂಗಾಡಲು ತೊಡಗಿದಾಗ ಅದು 9 ಪಟ್ಟು ಮೊಂಡುತನ ಮಾಡುತ್ತದೆ. ಹಿಂದಿನ ಗೋಡೆಗೆ ಸೈಕಲ್ ನೇತುಹಾಕುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಅದು ಒಮ್ಮೆಗೇ ಎರಡು ಕೆಡುಕು ಮಾಡುತ್ತದೆ, ಮೂತಿಯನ್ನು ಎತ್ತುತ್ತದೆ, ತುದಿಯಲ್ಲಿ ಭಾರ ಹೇರುತ್ತದೆ.

ಪಿಕಪ್ ಇದ್ದವರಿಗೆ ಈ ತಲೆನೋವು ಅರ್ಧ ಕಡಿಮೆ, ಏಕೆಂದರೆ ಭಾರದ ಸಾಮಾನೆಲ್ಲ ತೊಟ್ಟಿಗೆ ಹೋಗಬಹುದು. ಸೈಕಲ್ಲು, ಮಡಚುವ ಮೇಜು ಕುರ್ಚಿ, ಹೊರಗೆ ಕಟ್ಟುವ ಡೇರೆ, ನೀರಿನ ಪೈಪು, ಚಕ್ರಕ್ಕೆ ಕೊಡುವ ಮರದ ತುಂಡುಗಳು, ಕೆಸರಾದ ಬೂಟುಗಳು ಎಲ್ಲ ಅಲ್ಲೇ. ಭಾರದವು ಕ್ಯಾಬಿಗೆ ಒತ್ತಿಕೊಂಡು ಮುಂದೆ, ಹಗುರದವು ಹಿಂದೆ. ತೊಟ್ಟಿಯ ಬಾಗಿಲ ಬಳಿ ಇಟ್ಟ ಭಾರವೂ ಮೂತಿಭಾರದಂತೆಯೇ ಮುಂದಿನ ಚಕ್ರವನ್ನು ಎತ್ತುತ್ತದೆ. ಪ್ರತಿಯೊಂದನ್ನೂ ಬೆಲ್ಟಿನಿಂದ ಬಿಗಿಯಬೇಕು. ಕ್ಯಾರವಾನಿನಲ್ಲಿ ಉಳಿದದ್ದು ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ. ನೀರಿನ ಟ್ಯಾಂಕು ಖಾಲಿ ಮಾಡಿಯೇ ಹೊರಡುತ್ತೇವೆ. 40 ಲೀಟರ್ ಅಂದರೆ 40 ಕೆ.ಜಿ., ಅದೂ ಒಳಗೆ ತುಳುಕುವ ಭಾರ.

ಇದರಿಂದ ನಿರೀಕ್ಷಿಸದ ಒಂದು ಸುಖವೂ ಸಿಕ್ಕಿತು. ಖಾಲಿ ಪಿಕಪ್ಪಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಗೊತ್ತು, ಪ್ರತಿ ಹಳ್ಳವೂ ಬೆನ್ನಿಗೆ ಬಡಿಯುತ್ತದೆ. ಟನ್ನುಗಟ್ಟಲೆ ಭಾರಕ್ಕೆ ಮಾಡಿದ ಸ್ಪ್ರಿಂಗು ಖಾಲಿ ಇದ್ದಾಗ ಬಗ್ಗುವುದೇ ಇಲ್ಲ. ತೊಟ್ಟಿಯಲ್ಲಿ ಸಾಮಾನು, ಬಾಲಿನ ಮೇಲೆ ಮೂತಿಭಾರ ಬಿದ್ದ ಮೇಲೆ ಅದು ಬಗ್ಗಲು ತೊಡಗಿತು. “ಇವತ್ತು ಗಾಡಿ ಮೆತ್ತಗೆ ಹೋಗ್ತಿದೆ ಕಣೇ, ಹಿಂದೆ ಆ ಮನೆ ಕಟ್ಟಿಕೊಂಡೇ ದಿನಾ ಓಡಿಸು” ಎಂದರು ಅಮ್ಮ. ಹೊರಡುವ ಮುಂಚೆ ಹಿಂದಿನ ಟಯರುಗಳ ಗಾಳಿಯನ್ನು ಬಾಗಿಲ ಬಳಿಯ ಪಟ್ಟಿಯಲ್ಲಿ ಪೂರ್ತಿ ಭಾರಕ್ಕೆ ಬರೆದಿರುವ ಅಳತೆಗೆ ಏರಿಸಿರಬೇಕು, ಅದನ್ನು ಮರೆಯುವಂತಿಲ್ಲ.

ಕಟ್ಟುವಾಗ ನಾವಿಬ್ಬರೂ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ನಾನು ರಿವರ್ಸ್ ಬರುತ್ತೇನೆ, ತಮ್ಮ ಕೈಸನ್ನೆ ಮಾಡುತ್ತಾನೆ. ಹಿಡಿ ಬಾಲಿನ ಮೇಲೆ ಕೂತು ಕಟಕ್ ಎಂದ ಮೇಲೆ ಮೂತಿಯ ಚಿಕ್ಕ ಚಕ್ರವನ್ನು ತಿರುಗಿಸಿ, ಪಿಕಪ್ಪಿನ ಹಿಂಭಾಗವೇ ಮೇಲೇಳುವಷ್ಟು ಎತ್ತಿ ನೋಡುತ್ತೇವೆ. ಸರಿಯಾಗಿ ಕಚ್ಚಿಕೊಳ್ಳದಿದ್ದರೆ ಅಲ್ಲೇ ಬಿಟ್ಟುಬಿಡುತ್ತದೆ. ಆಮೇಲೆ ಬ್ರೇಕ್‌ಅವೇ ಕೇಬಲ್. ಕ್ಯಾರವಾನ್ ಎಲ್ಲಾದರೂ ಕಳಚಿಕೊಂಡರೆ ಈ ತೆಳುವಾದ ತಂತಿ ಅದರ ಹ್ಯಾಂಡ್‌ಬ್ರೇಕನ್ನು ಎಳೆದು, ಬಳಿಕ ತಾನೇ ತುಂಡಾಗುತ್ತದೆ. ಅದನ್ನು ಬಾಲಿನ ಕುತ್ತಿಗೆಗೆ ಸುಮ್ಮನೆ ಸುತ್ತದೆ, ಟೋ ಬಾರಿನಲ್ಲಿ ಅದಕ್ಕೆಂದೇ ಇರುವ ಕಿವಿಗೆ ಸಿಕ್ಕಿಸಬೇಕು. ದೀಪ, ಇಂಡಿಕೇಟರ್, ಬ್ರೇಕ್ ದೀಪ. ಗ್ಯಾಸ್ ಸಿಲಿಂಡರ್ ಬಂದ್. ಚಾವಣಿಯ ಕಿಟಕಿ ಬಂದ್. ನಾಲ್ಕು ಮೂಲೆಯ ಕಾಲುಗಳು ಮೇಲೆ. ಕೊನೆಗೆ ಉದ್ದ ಕನ್ನಡಿಗಳು. ಪಿಕಪ್ ದೊಡ್ಡ ಗಾಡಿಯಾದರೂ ಕ್ಯಾರವಾನ್ ಅದಕ್ಕಿಂತ ಅಗಲ, ಹಾಗಾಗಿ ಅದರ ಸ್ವಂತ ಕನ್ನಡಿಯಲ್ಲಿ ಕಾಣುವುದು ಕ್ಯಾರವಾನಿನ ಗೋಡೆ ಮಾತ್ರ.

ರಸ್ತೆಗೆ ಇಳಿದಾಗ ಮೊದಲು ಅನುಭವಕ್ಕೆ ಬಂದದ್ದು ಹಿಂದೆ ಏನೂ ಇಲ್ಲವೇನೋ ಎಂಬಂಥ ಸಲೀಸು. ಡೀಸೆಲ್ ಎಂಜಿನ್ ಕೆಳಗಿನ ಸುತ್ತಿನಲ್ಲೇ ಎಳೆದುಕೊಂಡು ಹೋಗುತ್ತದೆ. ಈ ಸಲೀಸು ಮೋಸದ್ದು. ನಮ್ಮ ಜೋಡಿ 4 ಟನ್ನಿಗಿಂತ ಹೆಚ್ಚು. 80 ಕಿಲೋಮೀಟರ್ ವೇಗದಿಂದ 100ಕ್ಕೆ ಏರಿದರೆ, ನಿಲ್ಲಿಸುವಾಗ ಬ್ರೇಕುಗಳು ನುಂಗಬೇಕಾದ ಶಕ್ತಿ 56 ಶೇಕಡಾ ಜಾಸ್ತಿ. ಗಾಳಿಯ ತಡೆಯೂ ಅಷ್ಟೇ ಏರುತ್ತದೆ, ಪಿಕಪ್ಪಿನ ಕ್ಯಾಬಿನ ಮೇಲೆ ಕ್ಯಾರವಾನಿನ ಮುಖ ಗೋಡೆಯಂತೆ ನಿಂತಿರುವುದರಿಂದ ಅದು ಮೊದಲೇ ಹೆಚ್ಚು. ಜರ್ಮನಿಯಲ್ಲಿ ಕ್ಯಾರವಾನಿಗೆ 80ರ ಮಿತಿ ಇದೆ, ಗಾಡಿಯೂ ಟಯರೂ ತಕ್ಕ ಶರತ್ತುಗಳನ್ನು ಪೂರೈಸಿ ಅನುಮತಿ ಪಡೆದರೆ ಮಾತ್ರ 100. ನನಗೆ 80ರ ಸುಮಾರಿನ ವೇಗವೇ ಹಿತ. ಡೀಸೆಲ್ ಖರ್ಚಿನಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ.

ದೊಡ್ಡ ಲಾರಿ ಪಕ್ಕದಿಂದ ದಾಟುವಾಗ ಅದು ತಳ್ಳಿಕೊಂಡು ಬರುವ ಗಾಳಿ ಮೊದಲು ಕ್ಯಾರವಾನಿನ ಹಿಂಭಾಗವನ್ನು ಆಚೆ ನೂಕುತ್ತದೆ, ಆಮೇಲೆ ಮುಂಭಾಗವನ್ನು. ಪಿಕಪ್ಪಿನ ತೂಕ, ಎರಡು ಆಕ್ಸಲುಗಳ ನಡುವಿನ ಅಂತರವಾದ ಉದ್ದದ ವೀಲ್‌ಬೇಸು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ಒಂದು ಸಣ್ಣ ಜಗ್ಗಾಟ, ಮುಗಿಯಿತು. ಆದರೂ ಪ್ರತಿ ಜೋಡಿಗೂ ಒಂದು ವೇಗದ ಗೆರೆ ಇದೆ. ಅದರ ಕೆಳಗೆ ಅಲುಗಾಟ ತಾನೇ ಇಳಿಯುತ್ತದೆ, ಅದರ ಮೇಲೆ ತಾನೇ ಬೆಳೆಯುತ್ತದೆ. ತೂಗಾಟ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರ ಹಿಡಿದು ವೇಗ ಇಳಿಯಲು ಬಿಡಬೇಕು. ಪ್ರತಿ ತೂಗಿಗೂ ಸ್ಟಿಯರಿಂಗ್ ತಿರುಗಿಸಿ ಸರಿಮಾಡಲು ಹೋದರೆ, ನಮ್ಮ ಕೈ ಒಂದು ಕ್ಷಣ ತಡವಾಗಿ ಬಂದು ತೂಗಾಟಕ್ಕೇ ಬಲ ಕೊಡುತ್ತದೆ. ವೇಗ ಹೆಚ್ಚಿಸಿ ಎಳೆದು ನೇರ ಮಾಡುತ್ತೇನೆ ಎನ್ನುವ ಸಲಹೆಯನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ.

ಬೆಟ್ಟದ ದಾರಿಯಲ್ಲಿ ಹತ್ತುವುದು ಸಲೀಸು, ಇಳಿಯುವುದೇ ಕೆಲಸ. 4 ಟನ್ ಭಾರ 300 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 35 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಬಹುದು. ಆ ಬಿಸಿಯನ್ನೆಲ್ಲ ಬ್ರೇಕಿಗೇ ಹಾಕಿದರೆ ಅದು ಸೋಲುತ್ತದೆ. ಅದರಲ್ಲೂ ನಮ್ಮ ಕ್ಯಾರವಾನಿನದು ಓವರ್‌ರನ್ ಬ್ರೇಕ್: ಪಿಕಪ್ ನಿಧಾನವಾದಾಗ ಕ್ಯಾರವಾನ್ ಹಿಂದಿನಿಂದ ಒತ್ತುತ್ತದೆ, ಹಿಡಿಯ ಹಿಂದಿನ ದಂಡ ಒಳಕ್ಕೆ ಸರಿದು, ಸರಳೊಂದನ್ನು ಎಳೆದು ಚಕ್ರಗಳ ಬ್ರೇಕ್ ಡ್ರಮ್ಮುಗಳನ್ನು ಹಿಡಿಸುತ್ತದೆ. ಇಳಿಜಾರಿನ ಉದ್ದಕ್ಕೂ ಒತ್ತಡ ಇದ್ದೇ ಇರುವುದರಿಂದ ಆ ಡ್ರಮ್ಮುಗಳು ಬಿಡುವಿಲ್ಲದೆ ಉಜ್ಜುತ್ತಿರುತ್ತವೆ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ವೇಗ ಇಳಿಸಿ, ಆಟೋಮ್ಯಾಟಿಕ್ ಗೇರನ್ನು ಕೈಯಿಂದ ಕೆಳಗೆ ತಂದು, ಎಂಜಿನ್ನೇ ಹಿಡಿಯಲು ಬಿಡುತ್ತೇನೆ. ವೇಗ ಏರಿದಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ಇಳಿಸಿ, ಪೂರ್ತಿ ಬಿಡುತ್ತೇನೆ. ಬಿಟ್ಟಾಗ ಬ್ರೇಕು ತಣಿಯುತ್ತದೆ. ಇಡೀ ದಾರಿ ಮೆಲ್ಲಗೆ ಒತ್ತಿಕೊಂಡೇ ಇಳಿಯುವುದು ಕೆಟ್ಟದ್ದು. ಆಸ್ಟ್ರೇಲಿಯಾ, ಅಮೆರಿಕಗಳ ಭಾರಿ ಕ್ಯಾರವಾನುಗಳಿಗೆ ಎಲೆಕ್ಟ್ರಿಕ್ ಬ್ರೇಕು, ಕ್ಯಾಬಿನಲ್ಲಿ ಅದರ ನಿಯಂತ್ರಕ ಇರುತ್ತದೆ. ಅಂಥದಿದ್ದರೆ ಟ್ರೇಲರಿನ ಬ್ರೇಕನ್ನು ಮಾತ್ರ ಬೇರೆಯಾಗಿ ಹಿಡಿಯಬಹುದು, ತೂಗಾಟ ನಿಲ್ಲಿಸಲೂ ಅದು ನೆರವು.

ಡೇರೆ ಹಾಕುವ ಮೈದಾನ ತಲುಪಿದಾಗ ಹಿಂದಿನ ರಾತ್ರಿ ಮಳೆ ಬಿದ್ದು ಹುಲ್ಲು ಜಾರುತ್ತಿತ್ತು. ನಮ್ಮ ಮುಂದೆ ಎರಡು ಚಕ್ರ ಚಾಲನೆಯ ಕಾರೊಂದು ಒಂದೇ ಕಡೆ ಚಕ್ರ ತಿರುಗಿಸುತ್ತಾ ನಿಂತಿತ್ತು. ಇಲ್ಲಿ ಪಿಕಪ್ಪಿನ ಇನ್ನೊಂದು ಮುಖ ಕಾಣುತ್ತದೆ. 4ಎಚ್‌ಗೆ ಹಾಕಿ, ಅಂದರೆ ನಾಲ್ಕೂ ಚಕ್ರ ಎಳೆಯುವಂತೆ ಮಾಡಿ, ಆಕ್ಸಿಲರೇಟರ್ ತುಳಿಯದಷ್ಟು ಹಗುರಾಗಿ ಕಾಲಿಟ್ಟೆ, ಗೆರೆ ಎಳೆದಂತೆ ಹೋಯಿತು. ಮೂತಿಭಾರ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿದ್ದೂ ಸಹಾಯವಾಯಿತು. ಆದರೆ ಟಾರು ರಸ್ತೆಗೆ ಮರಳುವ ಮುಂಚೆ ಎರಡೇ ಚಕ್ರ ಎಳೆಯುವ 2ಎಚ್‌ಗೆ ತರಲೇಬೇಕು. ಹೆಚ್ಚಿನ ಪಿಕಪ್ಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲುಗಳ ನಡುವೆ, ಎರಡನ್ನೂ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು. ಮಣ್ಣಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ, ಒಣ ಟಾರಿನ ಮೇಲೆ ಜಾರಲಾಗದೆ ಗೇರುಗಳ ನಡುವೆ ಬಿಗಿ ಕಟ್ಟಿಕೊಳ್ಳುತ್ತದೆ. ನಡುವೆ ಡಿಫರೆನ್ಷಿಯಲ್ ಇರುವ ಸೂಪರ್ ಸೆಲೆಕ್ಟ್ ಎಂಬ ವ್ಯವಸ್ಥೆಯ, ಮಿತ್ಸುಬಿಷಿಯ ಎಲ್200ರಂಥ ಕೆಲವು ಗಾಡಿಗಳಿಗೆ ಈ ಕಟ್ಟುಪಾಡಿಲ್ಲ, ಒದ್ದೆ ರಸ್ತೆಯಲ್ಲೂ ನಾಲ್ಕು ಚಕ್ರದಲ್ಲಿ ಎಳೆಯಬಹುದು. ಕ್ಯಾರವಾನಿಗೆಂದೇ ಪಿಕಪ್ ಕೊಳ್ಳುವವರು ಈ ಸೌಲಭ್ಯಕ್ಕೆ ಒಂದಿಷ್ಟು ಹೆಚ್ಚು ಕೊಟ್ಟರೂ ದಂಡವಲ್ಲ ಎಂದು ನನ್ನ ಅಭಿಪ್ರಾಯ.

ಜಾಗಕ್ಕೆ ರಿವರ್ಸ್ ಹಾಕುವಾಗ ಪಿಕಪ್ಪಿನ ಉದ್ದ ಒಂದು ರೀತಿಯಲ್ಲಿ ವರವೇ. ವೀಲ್‌ಬೇಸ್ ಉದ್ದವಾದಷ್ಟೂ ಕ್ಯಾರವಾನ್ ನಿಧಾನಕ್ಕೆ ತಿರುಗುತ್ತದೆ, ಯೋಚಿಸಲು ಸಮಯ ಸಿಗುತ್ತದೆ. ತೊಂದರೆ ಏನೆಂದರೆ ಮುಂದೆ ಬೇಕಾಗುವ ಜಾಗ: ಕ್ಯಾರವಾನನ್ನು ಹಿಂಬಾಲಿಸಲು ಪಿಕಪ್ಪಿನ ಮೂತಿ ಅಗಲಕ್ಕೆ ಬೀಸಿ ಬರಬೇಕು. ಸ್ಟಿಯರಿಂಗಿನ ಕೆಳಭಾಗವನ್ನು ಒಂದೇ ಕೈಯಲ್ಲಿ ಹಿಡಿದರೆ, ಕೈ ಯಾವ ಕಡೆ ಸರಿಯುತ್ತದೋ ಕ್ಯಾರವಾನಿನ ಹಿಂಭಾಗವೂ ಆ ಕಡೆಗೇ ಸರಿಯುತ್ತದೆ. ಇಕ್ಕಟ್ಟಿನ ಜಾಗದಲ್ಲಿ ನಾಲ್ಕು ಚಕ್ರದ ನಿಧಾನ ಗೇರಾದ 4ಎಲ್ ಹಾಕಿಕೊಂಡರೆ ಗಾಡಿ ಆಮೆಯಂತೆ ಚಲಿಸುತ್ತದೆ, ಹುಲ್ಲು ಅಥವಾ ಜಲ್ಲಿಯ ಮೇಲೆ ಮಾತ್ರ. “ಅಕ್ಕಾ, ಕನ್ನಡಿಯಲ್ಲಿ ನಾನು ಕಾಣ್ತಿದ್ದೀನಾ?” ಎಂದು ತಮ್ಮ ಪ್ರತಿ ಸಲ ಕೂಗಿ ಕೇಳುತ್ತಾನೆ. ಕಾಣದಿದ್ದರೆ ನಾನು ನಿಲ್ಲಿಸುತ್ತೇನೆ. ಮುಂದಿನ ಸಂಭಾಷಣೆ ಅವನು ಕಂಡ ಮೇಲೆಯೇ.

ಈಗ ಮುಂದಿನ ದೂರದ ಪ್ರಯಾಣಕ್ಕೆ ಕ್ಯಾರವಾನನ್ನು ಸಿದ್ಧಮಾಡುತ್ತಿದ್ದೇವೆ. ಅದರ ಟಯರುಗಳು ನೋಡಲು ಹೊಸದರಂತೆಯೇ ಇವೆ, ಗೆರೆಗಳು ಆಳವಾಗಿವೆ. ಕ್ಯಾರವಾನ್ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ್ದರಿಂದ ಟಯರು ಸವೆಯುವ ಮುಂಚೆಯೇ ರಬ್ಬರು ಮುದಿಯಾಗುತ್ತದೆ. ಟಯರಿನ ಪಕ್ಕದಲ್ಲಿ ಡಾಟ್ (DOT) ಎಂಬ ಗುರುತಿನ ಕೊನೆಗೆ, ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿ ಇರುತ್ತವೆ: 3521 ಎಂದಿದ್ದರೆ 2021ರ 35ನೇ ವಾರ. ಐದು ವರ್ಷ ಆಗುತ್ತಿದ್ದಂತೆ ಬದಲಿಸುವ ಯೋಚನೆ ಮಾಡಬೇಕು, ಏಳು ದಾಟಿಸಬಾರದು. ನಮ್ಮವಕ್ಕೆ ಆರು ತುಂಬಿದೆ. ಪಿಕಪ್ಪಿನ ಟಯರು ಚೆನ್ನಾಗಿಯೇ ಇದೆ. ಕ್ಯಾರವಾನಿನ ಎರಡನ್ನೂ ಸ್ಟೆಪ್ನಿಯನ್ನೂ ಒಟ್ಟಿಗೆ ಬದಲಿಸಿ, ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಹೇಳಿದಷ್ಟು ಬಿಗಿದು, 50 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ, ಆಮೇಲೆ ಹೊಸ ಸಾಮಾನಿನೊಂದಿಗೆ ಇನ್ನೊಂದು ಸಲ ವೇಬ್ರಿಡ್ಜಿಗೆ ಹೋಗುತ್ತೇವೆ.